ಪುಸ್ತಕದ ನೂರು, ಕಣ್ಣಿನ ತೊಂಬತ್ತೇಳು

ಬೆಂಗಳೂರಿನ ಒಂದು ಪ್ರಾಥಮಿಕ ಶಾಲೆ. ಹೆಸರು ಹೇಳಬೇಕಾದ ಅಗತ್ಯವಿಲ್ಲ. ಯಾವ ಶಾಲೆಯಲ್ಲಾದರೂ ನಡೆಯಬಹುದಾದ ಪ್ರಸಂಗವಿದು. ಏಳನೆಯ ತರಗತಿಯ ಮಕ್ಕಳಿಗೆ ಆ ದಿನ ವಿಜ್ಞಾನದ ಪ್ರಯೋಗ. ಮೇಜಿನ ಮೇಲೆ ಸ್ಪಿರಿಟ್ ದೀಪ, ಅದರ ಮೇಲೆ ಗಾಜಿನ ಬೀಕರು, ಬೀಕರಿನ ನೀರಿನಲ್ಲಿ ಇಳಿಬಿಟ್ಟ ಉಷ್ಣಮಾಪಕ. ನಾಲ್ಕು ನಾಲ್ಕು ಮಕ್ಕಳು ಒಂದೊಂದು ಮೇಜನ್ನು ಸುತ್ತುವರಿದು, ನಿಮಿಷಕ್ಕೊಮ್ಮೆ ಅಂಕಿಯನ್ನು ಗುರುತು ಹಾಕಿಕೊಳ್ಳುತ್ತಿದ್ದಾರೆ. ಅರವತ್ತು, ಎಪ್ಪತ್ತೆರಡು, ಎಂಬತ್ತೈದು, ತೊಂಬತ್ತಮೂರು! ನೀರು ಕೊತಕೊತನೆ ಕುದಿಯತೊಡಗಿತು. ಉಷ್ಣಮಾಪಕದ ಗೆರೆ ತೊಂಬತ್ತೇಳಕ್ಕೆ ಬಂದು ನಿಂತಿತು. ಒಂದು ನಿಮಿಷ ಕಾದರು, ಎರಡು ನಿಮಿಷ ಕಾದರು. ಗೆರೆ ಮೇಲಕ್ಕೆ ಕದಲಲಿಲ್ಲ.

ಒಬ್ಬ ಹುಡುಗ ಅತ್ತಿತ್ತ ನೋಡಿ, ತನ್ನ ಪುಸ್ತಕದಲ್ಲಿ "ನೀರಿನ ಕುದಿಬಿಂದು ೧೦೦ ಡಿಗ್ರಿ" ಎಂದು ಬರೆದ.

"ತೊಂಬತ್ತೇಳು ಅಲ್ಲವೇನೋ?" ಎಂದಳು ಪಕ್ಕದ ಹುಡುಗಿ.

"ಪಾಠದಲ್ಲಿ ನೂರು ಅಂತ ಇದೆ. ನೂರು ಬರೆದರೆ ತಾನೇ ಮಾರ್ಕು?"

ಹುಡುಗಿ ಅರೆಗಳಿಗೆ ಯೋಚಿಸಿದಳು. ಬಳಿಕ ಡಬ್ಬಿಯಿಂದ ರಬ್ಬರು ತೆಗೆದು, ತಾನು ಬರೆದಿದ್ದ ತೊಂಬತ್ತೇಳನ್ನು ಅಳಿಸಿ ನೂರು ಎಂದು ತಿದ್ದಿದಳು. ಗಂಟೆ ಹೊಡೆಯಿತು. ಎಲ್ಲರ ಪುಸ್ತಕದಲ್ಲಿಯೂ ಉತ್ತರ ಸರಿಯಾಗಿತ್ತು.

ಈ ಪ್ರಸಂಗದಲ್ಲಿ ಉಷ್ಣಮಾಪಕದ್ದು ತಪ್ಪಿರಲಿಲ್ಲ. ಮಕ್ಕಳ ಕಣ್ಣಿನದೂ ತಪ್ಪಿರಲಿಲ್ಲ. ಪುಸ್ತಕವೂ ಸುಳ್ಳು ಹೇಳಿರಲಿಲ್ಲ. ನೀರು ನೂರು ಡಿಗ್ರಿಗೆ ಕುದಿಯುವುದು ಸಮುದ್ರಮಟ್ಟದಲ್ಲಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ಒಂಬೈನೂರು ಮೀಟರು ಎತ್ತರದಲ್ಲಿರುವ ಊರು. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ; ಒತ್ತಡ ಕಡಿಮೆಯಾದಂತೆ ನೀರು ಬೇಗನೆ ಕುದಿಯುತ್ತದೆ. ಸ್ಥೂಲವಾಗಿ ಹೇಳುವುದಾದರೆ, ಮುನ್ನೂರು ಮೀಟರು ಮೇಲೇರಿದರೆ ಕುದಿಬಿಂದು ಒಂದು ಡಿಗ್ರಿ ಇಳಿಯುತ್ತದೆ. ಮಂಗಳೂರಿನಲ್ಲಿ ನೂರು, ಬೆಂಗಳೂರಿನಲ್ಲಿ ತೊಂಬತ್ತೇಳು, ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆ. ಹಿಮಾಲಯದ ಲೇಹ್ ಪಟ್ಟಣದಲ್ಲಿ ತೊಂಬತ್ತನ್ನು ಮುಟ್ಟುವ ಮೊದಲೇ ನೀರು ಕುದಿದುಬಿಡುತ್ತದೆ. ಬೇಳೆ ಬೇಯಿಸಲು ಕುಕ್ಕರು ಏಕೆ ಬೇಕೆಂಬುದಕ್ಕೂ ಉತ್ತರ ಇಲ್ಲಿಯೇ ಇದೆ. ಮುಚ್ಚಿದ ಪಾತ್ರೆಯೊಳಗೆ ಒತ್ತಡ ಏರಿದರೆ ನೀರಿನ ಶಾಖ ನೂರನ್ನು ದಾಟಿ ನೂರಿಪ್ಪತ್ತರ ಸಮೀಪಕ್ಕೆ ಹೋಗಬಲ್ಲದು.

ಭೂಗೋಳ, ವಾಯುವಿನ ಒತ್ತಡ, ಅಡುಗೆಮನೆ, ಎಲ್ಲವೂ ಕೂಡಿದ ಒಂದು ಅಪೂರ್ವ ಪಾಠ ಅಂದು ಆ ಬೀಕರಿನಲ್ಲಿ ಕುದಿಯುತ್ತಿತ್ತು. ಎರಡು ಪೈಸೆಯ ರಬ್ಬರು ಅದನ್ನು ಅಳಿಸಿಹಾಕಿತು. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದು. ತನ್ನ ಕಣ್ಣು ಕಂಡದ್ದಕ್ಕಿಂತ ಅಚ್ಚಾದ ಅಕ್ಷರವೇ ಮೇಲು, ಸತ್ಯಕ್ಕಿಂತ ಮಾರ್ಕು ಮೇಲು ಎಂಬ ಪಾಠವನ್ನು ಆ ಹುಡುಗಿ ಕಲಿತಳು. ಅದನ್ನು ಆಕೆಗೆ ಯಾರೂ ಹೇಳಿಕೊಡಲಿಲ್ಲ, ತಾನಾಗಿಯೇ ಕಲಿತಳು. ತಾನಾಗಿ ಕಲಿತ ಪಾಠ ಬೇಗನೆ ಮರೆಯುವಂಥದಲ್ಲ.

ಕೈಯಿಂದ ಮಾಡಿ ಕಲಿಯಬೇಕೆಂಬ ಮಾತನ್ನು ಇಂದು ಒಪ್ಪದವರಿಲ್ಲ. ಶಾಲೆಗಳು ತಮ್ಮ ಪ್ರಕಟಣೆಗಳಲ್ಲಿ ಅದನ್ನು ದಪ್ಪಕ್ಷರಗಳಲ್ಲಿ ಅಚ್ಚು ಹಾಕಿಸುತ್ತವೆ. ಆದರೆ ಬೀಕರು, ದೀಪ, ಉಷ್ಣಮಾಪಕ ಎಲ್ಲವೂ ಇದ್ದ ತರಗತಿಯಲ್ಲಿಯೇ ಈ ಪ್ರಸಂಗ ನಡೆದೀತೆಂಬುದನ್ನು ಗಮನಿಸಬೇಕು. ಸಾಮಗ್ರಿಯಿದ್ದ ಮಾತ್ರಕ್ಕೆ ಪ್ರಯೋಗವಾಗುವುದಿಲ್ಲ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಪ್ರತ್ಯಕ್ಷವಾಗಿ ಕಂಡದ್ದನ್ನು ಅಳಿಸಿಹಾಕು ಎಂದು ಅವರು ಹೇಳಲಿಲ್ಲ.

ರೊಟ್ಟಿಯ ಲೆಕ್ಕ

ವಿಜ್ಞಾನಕ್ಕೆ ಪ್ರಯೋಗವುಂಟು, ಸರಿ. ಗಣಿತಕ್ಕೆ ಎಲ್ಲಿಯ ಪ್ರಯೋಗ ಎಂದು ಕೇಳುವವರುಂಟು. ಅಂಥವರು ಐದನೆಯ ತರಗತಿಯ ಹತ್ತು ಮಕ್ಕಳಿಗೆ ಅರ್ಧಕ್ಕೆ ಮೂರನೆಯ ಒಂದು ಭಾಗ ಕೂಡಿಸಲು ಹೇಳಿ ನೋಡಬಹುದು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ "ಐದನೆಯ ಎರಡು" ಎಂದು ಹೇಳುವ ಮಗು ಅವರಲ್ಲಿ ಒಂದಾದರೂ ಇದ್ದೀತು. ತಪ್ಪು ಎಂದು ಕೆಂಪು ಮಸಿಯಲ್ಲಿ ಅಡ್ಡಗೆರೆ ಎಳೆದರೆ ಮಗು ತಲೆತಗ್ಗಿಸುತ್ತದೆ. ಏಕೆ ತಪ್ಪೆಂಬುದು ಅದಕ್ಕೆ ತಿಳಿಯುವುದಿಲ್ಲ. ನಾಳೆ ಮತ್ತೆ ಅದೇ ತಪ್ಪು.

ಅದೇ ಮಗುವಿನ ತಟ್ಟೆಗೆ ಅರ್ಧ ರೊಟ್ಟಿಯನ್ನು ಹಾಕಿ, ಮೇಲೆ ಇನ್ನೊಂದು ರೊಟ್ಟಿಯ ಮೂರನೆಯ ಒಂದು ಭಾಗವನ್ನು ಬಡಿಸಿದರೆ? ಐದು ಪಾಲು ಮಾಡಿದ ರೊಟ್ಟಿಯಲ್ಲಿ ಎರಡು ಪಾಲೆಂದರೆ ಅರ್ಧಕ್ಕಿಂತಲೂ ಕಡಿಮೆ. ಅರ್ಧ ರೊಟ್ಟಿಗೆ ಮತ್ತಷ್ಟು ಸೇರಿಸಿದ ಮೇಲೆ ಅದು ಅರ್ಧಕ್ಕಿಂತ ಚಿಕ್ಕದಾಗುವುದುಂಟೆ? ಈ ಪ್ರಶ್ನೆಯನ್ನು ಕೇಳಿದಾಗ ಮಗು ತಾನೇ ನಗುತ್ತದೆ. ಬಳಿಕ ಒಂದೇ ಉದ್ದದ ಎರಡು ಕಾಗದದ ಪಟ್ಟಿಗಳನ್ನು ಕೊಟ್ಟು, ಎರಡನ್ನೂ ಆರಾಗಿ ಮಡಿಸಲು ಹೇಳಿದರೆ, ಅರ್ಧವೆಂದರೆ ಮೂರು ಮಡಿಕೆ, ಮೂರನೆಯ ಒಂದು ಭಾಗವೆಂದರೆ ಎರಡು ಮಡಿಕೆ, ಕೂಡಿದರೆ ಆರರಲ್ಲಿ ಐದು ಎಂಬುದು ಬೆರಳಿನ ತುದಿಯಲ್ಲಿಯೇ ತಿಳಿಯುತ್ತದೆ. ಛೇದಗಳನ್ನು ಸಮ ಮಾಡಬೇಕೆಂಬ ಸೂತ್ರ ಆಮೇಲೆ ಬರುತ್ತದೆ. ಆಗ ಅದು ಆಜ್ಞೆಯಂತೆ ಕೇಳಿಸದು. ತಾನು ಮಾಡಿದ್ದನ್ನೇ ಚಿಕ್ಕದಾಗಿ ಬರೆಯುವ ದಾರಿ ಎಂದು ಮಗುವಿಗೆ ತೋರುತ್ತದೆ.

ಕಳೆಯುವ ಲೆಕ್ಕದಲ್ಲಿ "ಪಕ್ಕದ ಮನೆಯಿಂದ ಸಾಲ ತರುವುದು" ಎಂಬ ಮಾತು ಎಷ್ಟೋ ತಲೆಮಾರುಗಳಿಂದ ನಡೆದು ಬಂದಿದೆ. ತಂದ ಸಾಲವನ್ನು ತೀರಿಸುವುದು ಯಾವಾಗ ಎಂದು ಮಗು ಕೇಳಿದರೆ ಹೇಳುವುದೇನು? ಈ ತೊಡಕನ್ನು ಕೈಯಿಂದಲೇ ಬಿಡಿಸಿದವರು ಇಟಲಿಯ ಮಾರಿಯಾ ಮಾಂಟೆಸೊರಿ. ೧೯೦೭ರಲ್ಲಿ ರೋಮ್ ನಗರದ ಬಡವರ ಕೇರಿಯಲ್ಲಿ ತಮ್ಮ ಮೊದಲ "ಮಕ್ಕಳ ಮನೆ"ಯನ್ನು ತೆರೆದ ಈ ವೈದ್ಯೆ, ಅಂಕಿಗಳನ್ನು ಹೇಳಿಕೊಡಲು ಬಂಗಾರದ ಬಣ್ಣದ ಮಣಿಗಳನ್ನು ಬಳಕೆಗೆ ತಂದರು. ಒಂದು ಮಣಿಯೆಂದರೆ ಒಂದು. ಹತ್ತು ಮಣಿಗಳನ್ನು ತಂತಿಯಲ್ಲಿ ಪೋಣಿಸಿದರೆ ಒಂದು ಕಡ್ಡಿ. ಹತ್ತು ಕಡ್ಡಿಗಳನ್ನು ಜೋಡಿಸಿದರೆ ನೂರರ ಚೌಕ. ಹತ್ತು ಚೌಕಗಳನ್ನು ಒಂದರ ಮೇಲೊಂದು ಪೇರಿಸಿದರೆ ಸಾವಿರದ ಘನ. ಹತ್ತಕ್ಕೂ ಸಾವಿರಕ್ಕೂ ಕಾಗದದ ಮೇಲೆ ಎರಡು ಸೊನ್ನೆಗಳ ವ್ಯತ್ಯಾಸ. ಕೈಯಲ್ಲಿ ಹಿಡಿದಾಗ ಒಂದು ಬೆರಳಿನ ಭಾರಕ್ಕೂ ಎರಡು ಕೈ ತುಂಬುವ ಭಾರಕ್ಕೂ ಇರುವ ವ್ಯತ್ಯಾಸ. ಒಂದು ಹತ್ತರ ಕಡ್ಡಿಯನ್ನು ಕೊಟ್ಟು ಹತ್ತು ಬಿಡಿ ಮಣಿಗಳನ್ನು ಪಡೆಯುವ ಮಗು ಸಾಲ ಮಾಡುವುದಿಲ್ಲ, ಚಿಲ್ಲರೆ ಮಾಡಿಸುತ್ತದೆ! ಅಂಗಡಿಗೆ ಹೋಗಿ ಬರುವ ಮಗುವಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

೧೯೩೯ರಲ್ಲಿ ಮದರಾಸಿನ ಅಡ್ಯಾರಿಗೆ ಬಂದ ಮಾಂಟೆಸೊರಿಯವರು ಯುದ್ಧದ ಕಾರಣದಿಂದ ೧೯೪೬ರವರೆಗೆ ಭಾರತದಲ್ಲಿಯೇ ಉಳಿಯಬೇಕಾಯಿತು. ಆ ವರ್ಷಗಳಲ್ಲಿ ಅವರು ಈ ದೇಶದ ಅನೇಕ ಉಪಾಧ್ಯಾಯರಿಗೆ ತರಬೇತಿ ಕೊಟ್ಟರು. ಅವರ ಮಣಿಗಳ ಪೆಟ್ಟಿಗೆ ದುಬಾರಿಯೆಂದು ಹಿಂಜರಿಯುವವರು ಪೊರಕೆ ಕಡ್ಡಿಗಳನ್ನು ಹತ್ತು ಹತ್ತಾಗಿ ದಾರದಿಂದ ಕಟ್ಟಿಟ್ಟರೂ ಸಾಕು. ಅಜ್ಜಿಯರ ಅಳಗುಳಿಮಣೆ, ಒಂದು ಸೇರು ಹುಣಸೇ ಬೀಜ, ಇವೂ ಗಣಿತದ ಸಾಮಗ್ರಿಗಳೇ. ಒಂದು ಹುಣಸೇ ಬೀಜವಿಟ್ಟು, ಅದರ ಮೂಲೆಗೆ ಮೂರನ್ನು ಸುತ್ತಿಸಿದರೆ ನಾಲ್ಕರ ಚೌಕ. ಅದಕ್ಕೆ ಐದನ್ನು ಸುತ್ತಿಸಿದರೆ ಒಂಬತ್ತರ ಚೌಕ. ಏಳನ್ನು ಸುತ್ತಿಸಿದರೆ ಹದಿನಾರರದು. ಬೆಸಸಂಖ್ಯೆಗಳನ್ನು ಒಂದರಿಂದ ಕ್ರಮವಾಗಿ ಕೂಡಿಸುತ್ತ ಹೋದರೆ ವರ್ಗಸಂಖ್ಯೆಗಳೇ ಬರುತ್ತವೆಂಬ ಗಣಿತದ ಸತ್ಯವನ್ನು ಎಂಟು ವರ್ಷದ ಮಗು ನೆಲದ ಮೇಲೆ ಕುಳಿತು ಕಂಡುಹಿಡಿಯಬಲ್ಲದು. ಅದನ್ನು ಕಂಡ ದಿನ ಮಗುವಿನ ಮುಖವನ್ನು ನೋಡಬೇಕು!

ಬಳೆ, ತಟ್ಟೆ, ಡಬ್ಬಿಯ ಮುಚ್ಚಳ ಇವುಗಳ ಸುತ್ತ ದಾರ ಸುತ್ತಿ ಅಳೆದು, ಅಡ್ಡಳತೆಯಿಂದ ಭಾಗಿಸುವುದು ಇನ್ನೊಂದು ಸೊಗಸಾದ ಕೆಲಸ. ಒಬ್ಬಳಿಗೆ ೩.೧ ಬರುತ್ತದೆ, ಇನ್ನೊಬ್ಬನಿಗೆ ೩.೨, ದಾರ ಸಡಿಲವಾಗಿದ್ದವನಿಗೆ ೩.೩. ಬಳೆ ಚಿಕ್ಕದಾಗಲಿ, ತಟ್ಟೆ ದೊಡ್ಡದಾಗಲಿ, ಉತ್ತರ ಮಾತ್ರ ಮೂರರ ಸನಿಹದಲ್ಲಿಯೇ ಸುತ್ತುತ್ತಿರುತ್ತದೆ. ಇಲ್ಲಿಯೂ "೩.೧೪ ಎಂದು ಬರೆಯಿರಿ" ಎಂದು ಅವಸರಪಡಿಸುವವರಿದ್ದಾರೆ. ಕ್ರಿ. ಶ. ೪೯೯ರಲ್ಲಿ ತನ್ನ ಗ್ರಂಥವನ್ನು ರಚಿಸಿದ ಆರ್ಯಭಟ ಈ ಸಂಖ್ಯೆಯನ್ನು ೩.೧೪೧೬ ಎಂದು ಬಹು ಸೂಕ್ಷ್ಮವಾಗಿ ಕೊಟ್ಟನು. ಕೊಟ್ಟ ಮೇಲೆ ಅದನ್ನು "ಆಸನ್ನ", ಎಂದರೆ ಸಮೀಪದ ಬೆಲೆ, ಎಂದು ಕರೆದನು. ಅಷ್ಟು ದೊಡ್ಡ ಗಣಿತಜ್ಞನೇ ತನ್ನ ಉತ್ತರವನ್ನು ಸಮೀಪದ್ದೆಂದು ಒಪ್ಪಿಕೊಂಡಿರುವಾಗ, ಐದನೆಯ ತರಗತಿಯ ಮಗುವಿನ ೩.೨ನ್ನು ಅಳಿಸಿಹಾಕುವ ಅವಸರವೇಕೆ?

ಹೋಶಂಗಾಬಾದಿನ ಹಳ್ಳಿಗಳಲ್ಲಿ

ಮಗು ಕಂಡದ್ದನ್ನು ಅಳಿಸದೆ ಇರುವುದು ಆದರ್ಶದ ಮಾತಾಯಿತು, ಸರಕಾರಿ ಶಾಲೆಗಳಲ್ಲಿ ಇದು ನಡೆಯುವ ಮಾತೆ ಎಂದು ಕೇಳಬಹುದು. ನಡೆದದ್ದುಂಟು, ಅದೂ ಮೂವತ್ತು ವರ್ಷಗಳ ಕಾಲ. ಮಧ್ಯಪ್ರದೇಶದಲ್ಲಿ ನರ್ಮದಾ ನದಿಯ ದಡದ ಹೋಶಂಗಾಬಾದ್ ಜಿಲ್ಲೆಯ ಹೆಸರು ಈಗ ನರ್ಮದಾಪುರಂ ಎಂದಾಗಿದೆ. ೧೯೭೨ರಲ್ಲಿ ಆ ಜಿಲ್ಲೆಯ ಹದಿನಾರು ಮಾಧ್ಯಮಿಕ ಶಾಲೆಗಳಲ್ಲಿ, ಆರರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳಿಗಾಗಿ, ಹೊಸ ಬಗೆಯ ವಿಜ್ಞಾನ ಶಿಕ್ಷಣ ಆರಂಭವಾಯಿತು. ಕಿಶೋರ್ ಭಾರತಿ ಮತ್ತು ರಸೂಲಿಯಾ ಗ್ರಾಮದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ಇದನ್ನು ಕೈಗೆತ್ತಿಕೊಂಡವು. ಮುಂಬಯಿಯ ಟಾಟಾ ಮೂಲ ಸಂಶೋಧನಾ ಸಂಸ್ಥೆಯ ಮತ್ತು ದೆಹಲಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ತಮ್ಮ ಪ್ರಯೋಗಶಾಲೆಗಳನ್ನು ಬಿಟ್ಟು ಹಳ್ಳಿಯ ಉಪಾಧ್ಯಾಯರ ಜತೆಯಲ್ಲಿ ಕುಳಿತು ಪಾಠಗಳನ್ನು ರೂಪಿಸಿದರು. ೧೯೭೮ರಲ್ಲಿ ಇದು ಜಿಲ್ಲೆಯ ಎಲ್ಲ ಮಾಧ್ಯಮಿಕ ಶಾಲೆಗಳಿಗೂ ವಿಸ್ತರಿಸಿತು. ೧೯೮೨ರಲ್ಲಿ ಸ್ಥಾಪಿತವಾದ ಏಕಲವ್ಯ ಎಂಬ ಸಂಸ್ಥೆ ಮುಂದೆ ಇದರ ಹೊಣೆಯನ್ನು ಹೊತ್ತು ಬೇರೆ ಜಿಲ್ಲೆಗಳಿಗೂ ಒಯ್ದಿತು.

ಅಲ್ಲಿಯ ಪಠ್ಯಪುಸ್ತಕಕ್ಕೆ "ಬಾಲ ವೈಜ್ಞಾನಿಕ" ಎಂದು ಹೆಸರು. ಅದರ ವಿಶೇಷವೆಂದರೆ ಉತ್ತರಗಳು ಅದರಲ್ಲಿ ಇರಲೇ ಇಲ್ಲ! ಏನು ಮಾಡಬೇಕು, ಏನನ್ನು ಗಮನಿಸಬೇಕು, ಯಾವ ಪ್ರಶ್ನೆ ಹಾಕಿಕೊಳ್ಳಬೇಕು ಎಂಬಷ್ಟೇ ಪುಸ್ತಕದಲ್ಲಿತ್ತು. ಉತ್ತರವನ್ನು ನಾಲ್ಕು ನಾಲ್ಕು ಮಕ್ಕಳ ಗುಂಪುಗಳು ಪ್ರಯೋಗ ಮಾಡಿ ತಾವೇ ಬರೆದುಕೊಳ್ಳಬೇಕಾಗಿತ್ತು. ಮಸೂರ, ಪರೀಕ್ಷಾನಳಿಕೆ, ಅಯಸ್ಕಾಂತ ಮೊದಲಾದ ಸಾಮಗ್ರಿ ಶಾಲೆಗೆ ಬರುತ್ತಿತ್ತು. ಹೂವು, ಎಲೆ, ಮಣ್ಣು ಇವು ಊರಿನಲ್ಲಿಯೇ ದೊರೆಯುತ್ತಿದ್ದುವು. ಕಂಠಪಾಠಕ್ಕೆ ಉತ್ತರವೇ ಇಲ್ಲದ ಪುಸ್ತಕದಿಂದ ನಕಲು ಮಾಡುವ ಭಯವೂ ಇಲ್ಲವಷ್ಟೆ. ಆದುದರಿಂದ ಪರೀಕ್ಷೆಗೆ ಪುಸ್ತಕವನ್ನು ತೆರೆದಿಟ್ಟುಕೊಂಡೇ ಕುಳಿತುಕೊಳ್ಳಬಹುದಾಗಿತ್ತು. ಪರೀಕ್ಷೆಯಲ್ಲಿ ಪ್ರಯೋಗ ಮಾಡಿ ತೋರಿಸುವ ಭಾಗವೂ ಇರುತ್ತಿತ್ತು.

ಒಂದೇ ಉದ್ದವನ್ನು ಹತ್ತು ಮಕ್ಕಳು ಅಳೆದರೆ ಹತ್ತು ಉತ್ತರಗಳು ಬರುತ್ತವೆ. ಹೋಶಂಗಾಬಾದಿನ ಪುಸ್ತಕ ಇದನ್ನು ಮುಚ್ಚಿಡಲಿಲ್ಲ. ಅಳತೆಯಲ್ಲಿ ಬರುವ ಏರುಪೇರನ್ನೇ ಒಂದು ಪಾಠವನ್ನಾಗಿ ಮಾಡಿತು. ಎಲ್ಲ ಗುಂಪುಗಳ ಅಂಕಿಗಳನ್ನೂ ಕರಿಹಲಗೆಯ ಮೇಲೆ ಬರೆದು, ಇವು ಬೇರೆ ಬೇರೆಯಾಗಿರುವುದೇಕೆ, ಇವುಗಳಲ್ಲಿ ನಂಬಬಹುದಾದದ್ದು ಯಾವುದು ಎಂದು ತರಗತಿಯೆಲ್ಲ ಸೇರಿ ಯೋಚಿಸುವುದು ಅಲ್ಲಿಯ ಪದ್ಧತಿ. ಒಂದು ಗುಂಪಿನ ಅಂಕಿ ಉಳಿದವುಗಳಿಗಿಂತ ದೂರವಿದ್ದರೆ ಬೈಗುಳವಿಲ್ಲ, ಇನ್ನೊಮ್ಮೆ ಅಳೆಯುವುದು. ಸಂಭವನೀಯತೆಯ ಪಾಠಕ್ಕೆ ನಾಣ್ಯವನ್ನು ಮತ್ತೆ ಮತ್ತೆ ಚಿಮ್ಮಿ ಲೆಕ್ಕ ಬರೆಯುವುದು. ಗಣಿತವೂ ವಿಜ್ಞಾನವೂ ಬೇರೆ ಬೇರೆ ಗಂಟೆಗಳ ಪಾಠಗಳೆಂಬ ಗೋಡೆ ಅಲ್ಲಿ ತಾನಾಗಿಯೇ ಬಿದ್ದುಹೋಯಿತು. ಪಾಠದ ಹೊರಗಿನ ಪ್ರಶ್ನೆಗಳಿಗಾಗಿ "ಸವಾಲಿರಾಮ್" ಎಂಬೊಬ್ಬ ಕಲ್ಪಿತ ಮಹಾಶಯನಿದ್ದನು. ಮಕ್ಕಳು ಅವನಿಗೆ ಕಾಗದ ಬರೆದು ಏನು ಬೇಕಾದರೂ ಕೇಳಬಹುದಾಗಿತ್ತು; ಅವನಿಂದ ಉತ್ತರವೂ ಬರುತ್ತಿತ್ತು.

೧೯೭೮ರಲ್ಲಿ ಅಲ್ಲಿಗೆ ಬಂದವರಲ್ಲಿ ಅರವಿಂದ ಗುಪ್ತಾ ಎಂಬ ತರುಣ ಎಂಜಿನಿಯರು ಒಬ್ಬರು. ಕಾನ್‌ಪುರದ ಐ. ಐ. ಟಿ.ಯಲ್ಲಿ ಓದಿ, ಪುಣೆಯ ಲಾರಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಅವರು ಒಂದು ವರ್ಷದ ರಜೆ ಪಡೆದು ಹಳ್ಳಿಗೆ ಬಂದರು. ಅಲ್ಲಿ ಅವರ ಕಣ್ಣಿಗೆ ಬಿದ್ದದ್ದು ಸೈಕಲ್ಲಿನ ವಾಲ್ವಿಗೆ ಹಾಕುವ ಸಣ್ಣ ರಬ್ಬರು ಕೊಳವೆ. ಅದರ ತುಂಡಿನ ಎರಡು ತುದಿಗಳಿಗೂ ಬೆಂಕಿಕಡ್ಡಿಗಳನ್ನು ಚುಚ್ಚಿದರೆ ಅತ್ತಿತ್ತ ಬಾಗುವ ಕೀಲು ಸಿದ್ಧ. ಮೂರು ಕಡ್ಡಿ, ಮೂರು ಕೀಲುಗಳಿಂದ ತ್ರಿಕೋನ; ನಾಲ್ಕರಿಂದ ಚೌಕ. ಚೌಕವನ್ನು ಬೆರಳಿನಿಂದ ಒತ್ತಿದರೆ ಸೊಟ್ಟಗಾಗಿ ಕುಸಿಯುತ್ತದೆ, ತ್ರಿಕೋನ ಜಗ್ಗುವುದಿಲ್ಲ. ಚೌಕಕ್ಕೆ ಮೂಲೆಯಿಂದ ಮೂಲೆಗೆ ಒಂದು ಕಡ್ಡಿ ಕೊಟ್ಟರೆ ಅದೂ ಗಟ್ಟಿ. ಸೇತುವೆಯ ಕಂಬಿಗಳಲ್ಲಿ, ಹೆಂಚಿನ ಮನೆಯ ಮಾಡಿನಲ್ಲಿ, ವಿದ್ಯುತ್ತಿನ ಗೋಪುರಗಳಲ್ಲಿ ಎಲ್ಲೆಲ್ಲಿಯೂ ತ್ರಿಕೋನಗಳೇ ಏಕೆ ಇವೆಯೆಂಬುದನ್ನು ಒಂದು ಬೆಂಕಿಪೊಟ್ಟಣ ಹೇಳಿಕೊಡುತ್ತದೆ. ಕಸದಿಂದ ಆಟಿಕೆ, ಆಟಿಕೆಯಿಂದ ವಿಜ್ಞಾನ ಎಂಬುದನ್ನೇ ಬಾಳಿನ ಕೆಲಸವಾಗಿ ಮಾಡಿಕೊಂಡ ಅವರಿಗೆ ೨೦೧೮ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು.

ಇಷ್ಟಾದರೂ ಹೋಶಂಗಾಬಾದಿನ ಕಾರ್ಯಕ್ರಮ ಉಳಿಯಲಿಲ್ಲ. ೨೦೦೨ರಲ್ಲಿ ರಾಜ್ಯ ಸರಕಾರದ ಆಜ್ಞೆಯಿಂದ ಅದು ನಿಂತಿತು. ರಾಜ್ಯದ ಉಳಿದ ಭಾಗಗಳಲ್ಲಿದ್ದ ಸಾಮಾನ್ಯ ಪಠ್ಯಪುಸ್ತಕವೇ ಅಲ್ಲಿಗೂ ಬಂದಿತು. ಏಳು ವರ್ಷಗಳ ಮೇಲೆ, ೨೦೦೯ರಲ್ಲಿ, ಮಕ್ಕಳ ಶಿಕ್ಷಣದ ಹಕ್ಕಿನ ಕಾಯಿದೆಯನ್ನು ಸಂಸತ್ತು ಅಂಗೀಕರಿಸಿದಾಗ, ಚಟುವಟಿಕೆಯಿಂದಲೂ ಶೋಧನೆಯಿಂದಲೂ ಮಗು ಕಲಿಯಬೇಕೆಂಬ ಮಾತು ಕಾನೂನಿನಲ್ಲಿಯೇ ಸೇರಿತು. ಜಿಲ್ಲೆಯಲ್ಲಿ ನಿಂತುಹೋದದ್ದು ದೇಶದ ಕಾಯಿದೆಯ ಪುಸ್ತಕದಲ್ಲಿ ಅಚ್ಚಾಯಿತು! ಪುಸ್ತಕದಲ್ಲಿ ಅಚ್ಚಾದದ್ದಕ್ಕೂ ಕಣ್ಣಿಗೆ ಕಾಣುವುದಕ್ಕೂ ಇರುವ ಅಂತರ ಮಕ್ಕಳಿಗಷ್ಟೇ ಸೀಮಿತವಲ್ಲವೆಂದು ತೋರುತ್ತದೆ.

ಕನ್ನಡನಾಡಿನಲ್ಲಿಯೂ ಇಂಥ ಪ್ರಯತ್ನ ಇಲ್ಲದಿಲ್ಲ. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಕೆಲವು ಸರಕಾರಿ ಶಾಲೆಯ ಉಪಾಧ್ಯಾಯರು ಯುನಿಸೆಫ್ ನೆರವಿನಿಂದ ಆರಂಭಿಸಿದ "ನಲಿ ಕಲಿ" ಮುಂದೆ ರಾಜ್ಯದ ಸರಕಾರಿ ಶಾಲೆಗಳ ಮೊದಲ ತರಗತಿಗಳಿಗೆಲ್ಲ ಹರಡಿತು. ಆಂಧ್ರದ ಋಷಿವ್ಯಾಲಿಯ ಸುತ್ತಲಿನ ಹಳ್ಳಿಯ ಶಾಲೆಗಳು ಅದಕ್ಕೆ ಮಾದರಿ. ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ಗುಂಪಾಗಿ ಕುಳಿತು, ಚಿತ್ರದ ಕಾರ್ಡುಗಳನ್ನು ಹಿಡಿದು, ತಮ್ಮ ತಮ್ಮ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವುದು ಅದರ ಕ್ರಮ. ನಗರದ ತಾಯ್ತಂದೆಗಳು ಹೆಚ್ಚಿನ ಶುಲ್ಕ ಕೊಟ್ಟು ಹುಡುಕುವ ವಿಧಾನದ ತಿರುಳು ಹಳ್ಳಿಯ ಶಾಲೆಯಲ್ಲಿ ಬಿಟ್ಟಿಯಾಗಿ ದೊರೆಯುತ್ತಿತ್ತೆಂಬುದು ಅನೇಕರಿಗೆ ತಿಳಿಯದ ಸಂಗತಿ.

ಆಕ್ಷೇಪಣೆಗಳೂ ಉಂಟು

ಈ ಪದ್ಧತಿಗೆ ಬರುವ ಆಕ್ಷೇಪಣೆಗಳೆಲ್ಲವೂ ಪೊಳ್ಳಲ್ಲ. ಐವತ್ತು ಮಕ್ಕಳ ತರಗತಿಯಲ್ಲಿ ಹನ್ನೆರಡು ಗುಂಪು ಮಾಡಿ ಪ್ರಯೋಗ ಮಾಡಿಸುವ ಉಪಾಧ್ಯಾಯಿನಿಯ ಕಷ್ಟ ಅವರಿಗೇ ಗೊತ್ತು. ಗದ್ದಲವಾಗುತ್ತದೆ, ಸಮಯ ಹಿಡಿಯುತ್ತದೆ, ಪಾಠದ ಪಟ್ಟಿ ಹಿಂದೆ ಬೀಳುತ್ತದೆ. ಮುಖ್ಯೋಪಾಧ್ಯಾಯರು ಬಾಗಿಲಲ್ಲಿ ನಿಂತು "ಏನಮ್ಮ ಇದು ಸಂತೆ?" ಎಂದರೆ ಅವರ ಉತ್ಸಾಹವೂ ಇಳಿಯುತ್ತದೆ. ಒಂದು ಅಧ್ಯಾಯವನ್ನು ಮೂವತ್ತು ನಿಮಿಷಗಳಲ್ಲಿ ಓದಿ ಮುಗಿಸಬಹುದು. ಮಾಡಿ ಕಲಿಯುವುದಾದರೆ ಮೂರು ದಿನ ಬೇಕು. ಆದರೆ ಓದಿ ಮುಗಿಸಿದ್ದು ಪಾಠವೋ ಪುಟವೋ ಎಂಬುದನ್ನು ಕೇಳಿಕೊಳ್ಳಬೇಕು.

ಮಾಡುವುದೆಲ್ಲವೂ ಕಲಿಯುವುದಲ್ಲ ಎಂಬುದು ಇನ್ನೊಂದು ಮಾತು. ಅದೂ ನಿಜವೇ. ಥರ್ಮೋಕೋಲಿನಲ್ಲಿ ಜ್ವಾಲಾಮುಖಿಯ ಮಾದರಿ ಮಾಡಿ, ಬಣ್ಣ ಹಚ್ಚಿ, ಸೋಡಾಪುಡಿಗೆ ನಿಂಬೆರಸ ಸುರಿದು ಚಪ್ಪಾಳೆ ಗಿಟ್ಟಿಸುವ ಪ್ರದರ್ಶನಗಳು ನಗರದ ಶಾಲೆಗಳಲ್ಲಿ ಬೇಕಾದಷ್ಟು. ಅವುಗಳಲ್ಲಿ ಎಷ್ಟನ್ನು ಮಗು ಮಾಡಿತು, ಎಷ್ಟನ್ನು ತಂದೆ ಹಿಂದಿನ ರಾತ್ರಿ ಹನ್ನೆರಡು ಗಂಟೆಯವರೆಗೆ ಎದ್ದಿದ್ದು ಮಾಡಿದರು ಎಂಬುದು ಮನೆಯವರಿಗೇ ಗೊತ್ತು! ಕೈಗೆ ಕೆಲಸ ಕೊಟ್ಟು ತಲೆಗೆ ಬಿಡುವು ಕೊಟ್ಟರೆ ಅದು ವಿಜ್ಞಾನವೂ ಅಲ್ಲ, ಗಣಿತವೂ ಅಲ್ಲ. ಏನಾಗುವುದೆಂದು ಮೊದಲು ಊಹಿಸಿ, ಮಾಡಿ, ಕಂಡದ್ದನ್ನು ಬರೆದು, ಊಹೆಗೂ ಕಂಡದ್ದಕ್ಕೂ ತಾಳೆ ಹಾಕಿ, ಏಕೆ ಹೀಗಾಯಿತೆಂದು ಮಾತಿನಲ್ಲಿ ಹೇಳಬೇಕು. ಹುಣಸೇ ಬೀಜದಿಂದ ಹೊರಟ ಮಗು ಒಂದು ದಿನ ಬೀಜವಿಲ್ಲದೆಯೇ ಲೆಕ್ಕ ಮಾಡಬೇಕು. ಮಗ್ಗಿಯೂ ಬಾಯಿಗೆ ಬರಬೇಕು. ಏಳೆಂಟಲ ಐವತ್ತಾರು ಎಂದು ಬಾಯಿಪಾಠ ಹೇಳುವುದು ತಪ್ಪಲ್ಲ; ಏಳು ಸಾಲುಗಳಲ್ಲಿ ಎಂಟೆಂಟು ಬೀಜಗಳನ್ನು ಒಮ್ಮೆಯೂ ಕಾಣದೆ ಹೇಳುವುದು ಮಾತ್ರ ಗಿಳಿಪಾಠ.

ಮನೆಯೇ ಪ್ರಯೋಗಶಾಲೆ

ಶಾಲೆಯನ್ನು ಬದಲಿಸುವ ಶಕ್ತಿ ಎಲ್ಲ ತಾಯ್ತಂದೆಗಳಿಗೂ ಇಲ್ಲ. ಮನೆಯನ್ನು ಸ್ವಲ್ಪ ಬದಲಿಸಬಹುದು. ಅದಕ್ಕೆ ಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ತಾಳ್ಮೆ. ಇಡ್ಲಿಯ ಹಿಟ್ಟು ಬೇಸಗೆಯಲ್ಲಿ ಎಷ್ಟು ಗಂಟೆಗೆ ಉಬ್ಬುತ್ತದೆ, ಚಳಿಗಾಲದಲ್ಲಿ ಎಷ್ಟಕ್ಕೆ ಎಂದು ಪಾತ್ರೆಗೆ ಗುರುತು ಹಾಕಿ ನೋಡುವುದು ಒಂದು ಪ್ರಯೋಗ. ನೆನೆಸಿದ ಹೆಸರುಕಾಳಿನಲ್ಲಿ ಅರ್ಧವನ್ನು ಬೆಳಕಿನಲ್ಲಿ, ಅರ್ಧವನ್ನು ಕತ್ತಲಲ್ಲಿ ಮೊಳೆಯಿಸಿ, ಮೊಳಕೆಯ ಉದ್ದವನ್ನು ದಿನವೂ ಅಳೆದು ಬರೆಯುವುದು ಇನ್ನೊಂದು. ಒಂದು ಎಚ್ಚರಿಕೆ: ಕುದಿಯುವ ನೀರಿನ ಕೆಲಸ ದೊಡ್ಡವರ ಕೈಯಲ್ಲಿಯೇ ನಡೆಯಬೇಕು. ಮನೆಯಲ್ಲಿರುವ ಜ್ವರದ ಥರ್ಮಾಮೀಟರನ್ನು ಅದಕ್ಕೆ ಎಂದೂ ಅದ್ದಬಾರದು, ಅದು ಒಡೆಯುತ್ತದೆ.

ಖರ್ಚೇ ಇಲ್ಲದ ಪ್ರಯೋಗವೊಂದುಂಟು. ಮಹಡಿಯ ಮೇಲೆ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ, ಬೆಳಗಿನ ಹನ್ನೊಂದೂವರೆಯಿಂದ ಮಧ್ಯಾಹ್ನ ಒಂದರವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕುವುದು. ನೆರಳು ಅತಿ ಚಿಕ್ಕದಾಗುವುದು ನಡುಹಗಲು ಹನ್ನೆರಡಕ್ಕೆ ಎಂದು ಎಲ್ಲರೂ ಹೇಳುತ್ತಾರೆ. ಬೆಂಗಳೂರಿನಲ್ಲಿ ಅದು ವರ್ಷವಿಡೀ ಹನ್ನೆರಡು ದಾಟಿದ ಮೇಲೆಯೇ, ಸರಾಸರಿ ಇಪ್ಪತ್ತು ನಿಮಿಷ ತಡವಾಗಿ ಆಗುತ್ತದೆ. ಭಾರತದ ಗಡಿಯಾರಗಳೆಲ್ಲ ಉತ್ತರಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುವ ರೇಖೆಯನ್ನು ಅನುಸರಿಸುತ್ತವೆ. ಬೆಂಗಳೂರು ಅದಕ್ಕಿಂತ ಪಶ್ಚಿಮದಲ್ಲಿರುವುದರಿಂದ ಇಲ್ಲಿ ಸೂರ್ಯ ನೆತ್ತಿಗೆ ಬರುವುದು ತಡ. ಏಪ್ರಿಲ್ ೨೪ ಮತ್ತು ಆಗಸ್ಟ್ ೧೮ರ ಆಸುಪಾಸಿನಲ್ಲಿ ಈ ಕೆಲಸ ಮಾಡಿದರೆ ಆ ಹೊತ್ತಿಗೆ ಕೋಲಿನ ನೆರಳೇ ಮಾಯವಾಗುತ್ತದೆ! ಸೂರ್ಯ ಅಂದು ಸರಿಯಾಗಿ ನೆತ್ತಿಯ ಮೇಲಿರುತ್ತಾನೆ.

ಇಂಥ ಕೆಲಸದಲ್ಲಿ ಮಗು "ಅಮ್ಮ, ಹನ್ನೆರಡಕ್ಕೆ ಅಲ್ಲ, ಹನ್ನೆರಡು ಇಪ್ಪತ್ತಕ್ಕೆ!" ಎಂದು ಓಡಿ ಬಂದಾಗ ಮನೆಯವರು ಏನು ಹೇಳುವರೆಂಬುದರ ಮೇಲೆ ಎಲ್ಲವೂ ನಿಂತಿದೆ. "ನಿನ್ನ ಗಡಿಯಾರ ಕೆಟ್ಟಿರಬೇಕು, ಪುಸ್ತಕ ನೋಡು" ಎಂದರೆ ಒಂದು ದಾರಿ. "ಹೌದೆ? ನಾಳೆಯೂ ಹಾಗೆಯೇ ಆಗುವುದೋ ನೋಡೋಣ, ಬಾ" ಎಂದರೆ ಇನ್ನೊಂದು. ಎರಡನೆಯ ಮಾತನ್ನು ಹೇಳಲು ತಾಯಿಗೆ ವಿಜ್ಞಾನ ತಿಳಿದಿರಬೇಕಾದ ಅಗತ್ಯವೂ ಇಲ್ಲ. ತನಗೆ ಗೊತ್ತಿಲ್ಲವೆಂದು ಮಗುವಿನ ಎದುರಿನಲ್ಲಿ ಒಪ್ಪಿಕೊಳ್ಳುವ ದೊಡ್ಡ ಮನಸ್ಸಿದ್ದರೆ ಸಾಕು.

ಬೀಕರಿನ ಮುಂದೆ ನಿಂತಿದ್ದ ಆ ಹುಡುಗಿಯ ವಿಷಯವೂ ಹಾಗೆಯೇ. ರಬ್ಬರನ್ನು ಕೈಗೆತ್ತಿಕೊಳ್ಳುವ ಮೊದಲು ಆಕೆ ಅರೆಗಳಿಗೆ ಯೋಚಿಸಿದಳಲ್ಲವೆ? ಆ ಅರೆಗಳಿಗೆಯಲ್ಲಿ ಯಾರಾದರೂ ಪಕ್ಕದಲ್ಲಿ ನಿಂತು, "ಎಷ್ಟು ಬಂತು, ಮಗು? ತೊಂಬತ್ತೇಳೆ? ಹಾಗಿದ್ದರೆ ತೊಂಬತ್ತೇಳನ್ನೇ ಬರೆ, ಏಕಿರಬಹುದೆಂದು ಆಮೇಲೆ ನೋಡೋಣ" ಎಂದಿದ್ದರೆ ಸಾಕಾಗಿತ್ತು. ಆ ಅಂಕಿ ಪುಸ್ತಕದಲ್ಲಿ ಉಳಿಯುತ್ತಿತ್ತು. ಆ ಹುಡುಗಿಗೆ ತನ್ನ ಕಣ್ಣಿನ ಮೇಲಿನ ನಂಬಿಕೆಯೂ ಉಳಿಯುತ್ತಿತ್ತು.